ಸೊಂಟ ಮುರಿದ ಹಿರಿಯರು: ಆಸ್ಪತ್ರೆಯಲ್ಲಿ ಮೊದಲು ನೋವಿಗೆ ಮದ್ದು

ಸೊಂಟ ಮುರಿಯಿತು ಎಂದು ನಾವು ಹೇಳುವುದು ಬಹುಪಾಲು ತೊಡೆಮೂಳೆಯ ಮೇಲ್ತುದಿಯ ಮುರಿತವನ್ನು. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುತ್ತದೆ. ಎಬ್ಬಿಸಿ ನಡೆಸಬೇಡಿ, ಎಣ್ಣೆ ತಿಕ್ಕುವುದಂತೂ ಬೇಡವೇ ಬೇಡ. 108ಕ್ಕೆ ಕರೆ ಮಾಡಿ. ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವು, ಗೂಡಲೂರಿನಿಂದ ಸುಮಾರು 50 ಕಿ.ಮೀ. ನೋವು ಎಷ್ಟಿದೆಯೆಂದು ಆಂಬುಲೆನ್ಸ್‌ನವರಿಗೇ ಮೊದಲು ತಿಳಿಸಿ.

ಎಕ್ಸ್‌ರೇ ಆಗುವವರೆಗೆ ನೋವಿನ ಮದ್ದು ಕೊಡಬಾರದೆಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ತಪ್ಪು. ಬಂದ ಕೂಡಲೇ ಕೊಟ್ಟು, ಅರ್ಧ ಗಂಟೆಯೊಳಗೆ ಮತ್ತೆ ವಿಚಾರಿಸಬೇಕೆನ್ನುತ್ತದೆ ಬ್ರಿಟನ್ನಿನ ನೈಸ್ ಮಾರ್ಗಸೂಚಿ. ಮೊದಲು ಪ್ಯಾರಾಸಿಟಮಾಲ್, ಸಾಲದಿದ್ದರೆ ಮಾರ್ಫಿನ್ ಜಾತಿಯ ಔಷಧ, ವಯಸ್ಸಾದವರಿಗೆ ಕಡಿಮೆ ಪ್ರಮಾಣದಲ್ಲಿ. ತೊಡೆಸಂದಿಯ ಬಳಿ ಇಂಜೆಕ್ಷನ್ ಕೊಟ್ಟು ನರ ಮರಗಟ್ಟಿಸಿದರೆ ಮಾರ್ಫಿನ್ ಇನ್ನೂ ಕಡಿಮೆ ಸಾಕು. ಆ ಸೌಲಭ್ಯವಿದೆಯೇ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿಸಬೇಡಿ: ಮೂತ್ರಪಿಂಡಕ್ಕೂ ಹೊಟ್ಟೆಗೂ ಅಪಾಯ.

ಮರೆವಿನ ಕಾಯಿಲೆಯವರು ನೋವೆಂದು ಹೇಳಲಾರರು. ಮುಖ ಕಿವುಚುತ್ತಾರೆ, ಮುಟ್ಟಿದರೆ ಕೈ ತಳ್ಳುತ್ತಾರೆ. ನೋವನ್ನು ಹಾಗೇ ಬಿಟ್ಟರೆ ಸನ್ನಿ ಹಿಡಿದಂತೆ ಬಡಬಡಿಸುವುದೂ ಉಂಟು. ನಮ್ಮ ಅಜ್ಜಿಯರಿಗೆ ಸಂಕಟದಲ್ಲಿ ಬರುವುದು ಕನ್ನಡವೇ. ಜೊತೆಗೆ ಹೋದವರು ನರ್ಸಮ್ಮನಿಗೆ ‘ರೊಂಬ ವಲಿಕ್ಕುದು’ ಎಂದು ಹೇಳಿಕೊಡಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ಒಯ್ಯಿರಿ.