ಕಿತ್ತೂರು ಸೀಮೆಗೆ ಬಂದ ತರುಣ ಪಾದ್ರಿಗಳು

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು; 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಇದಾದ ಆರೇ ವರ್ಷಕ್ಕೆ, 1837ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಧಾರವಾಡದಲ್ಲಿ ನೆಲೆಯೂರಿತು. ಬೆಳಗಾವಿಯ ದಂಡಿನಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಿಂದಲೇ ಇದ್ದ. ಈ ಎರಡು ಊರುಗಳ ನಡುವಿನ ಎರೆನೆಲದಲ್ಲಿವೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ಮತ್ತು ದೇಸಾಯರ ವಾಡೆಯ ಚಚಡಿ. ಗಾಯ ಇನ್ನೂ ಹಸಿಯಾಗಿದ್ದ ಈ ಸೀಮೆಗೆ ಇಪ್ಪತ್ತು ಇಪ್ಪತ್ತೈದರ ಪ್ರಾಯದ ಪರದೇಶಿ ಹುಡುಗರು ಧರ್ಮ ಕಲಿಸುತ್ತೇವೆಂದು ಬಂದರು. ಅವರನ್ನು ಕನ್ನಡದ ಮಹೋಪಕಾರಿಗಳೆಂದು ಹೊಗಳುವವರಿದ್ದಾರೆ, ಮತಾಂತರದ ದಲ್ಲಾಳಿಗಳೆಂದು ತೆಗಳುವವರೂ ಇದ್ದಾರೆ. ಈ ಎರಡು ಮಾತಿಗೂ ಅವರ ದಿನದಿನದ ಬದುಕಿನ ಪರಿಚಯ ಸಾಲದು ಎಂಬುದು ನನ್ನ ವಾದ. ಆ ದಿನಚರಿಯನ್ನು ಗಮನವಿಟ್ಟು ನೋಡಿದರೆ, ಅವರು ಇಲ್ಲಿ ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಉಳಿದು ಬಾಳಿದ್ದೂ ಆ ಕಲಿಕೆಯೇ.

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ. ಅದರ ತರಬೇತಿ ಶಾಲೆಗೆ ಬರುತ್ತಿದ್ದವರಲ್ಲಿ ಬಹಳಷ್ಟು ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಒಕ್ಕಲು ಮಕ್ಕಳು, ಕುಶಲಕರ್ಮಿಗಳ ಮಕ್ಕಳು. ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆದ ಮೇಲೆ, 1834ರಲ್ಲಿ ಮೊದಲ ಮೂವರು ಮಂಗಳೂರಿಗೆ ಬಂದರು. ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ ಅವನಿಗೆ ಇಪ್ಪತ್ತೈದು ವರ್ಷ. 1853ರಲ್ಲಿ ಧಾರವಾಡ ಸೇರಿದ ಫರ್ಡಿನಾಂಡ್ ಕಿಟ್ಟೆಲ್‌ಗೆ ಇಪ್ಪತ್ತೊಂದು. ಅವರ ಬಾಳು ಕಟ್ಟಳೆಗಳಿಂದ ಬಿಗಿದದ್ದು. ಮೊದಲ ವರ್ಷಗಳಲ್ಲಿ ಮದುವೆಯಿಲ್ಲ. ಆಮೇಲೂ ಬಾಸೆಲಿನ ಸಮಿತಿ ಒಪ್ಪಬೇಕು. ಸಂಬಳವೆಂಬುದಿಲ್ಲ, ಹೊಟ್ಟೆಬಟ್ಟೆಯ ಖರ್ಚು ಮಾತ್ರ. ಮಾಡಿದ ಕೆಲಸದ ವರದಿಯನ್ನು ಬರೆದು ಕಳಿಸುತ್ತಿರಬೇಕು, ಜೊತೆಗಾರನ ನಡತೆಯ ಮೇಲೂ ಕಣ್ಣಿಡಬೇಕು. ಇಂದು ಬಿಳಿ ಅಂಗಿ ತೊಟ್ಟು, ಎದೆಗೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡು ಇಬ್ಬಿಬ್ಬರಾಗಿ ನಡೆಯುವ, ಅಮೆರಿಕ ಮೂಲದ ಮಾರ್ಮನ್ ಪಂಥದ ತರುಣರ ಶಿಸ್ತು ಇದಕ್ಕೆ ಹತ್ತಿರದ್ದು. ಹದಿನೆಂಟರ ಹೊತ್ತಿಗೆ ಮನೆ ಬಿಟ್ಟು, ಒಬ್ಬಂಟಿಯಾಗಿ ಎಲ್ಲಿಗೂ ಹೋಗದೆ, ಪ್ರೇಮ ಪ್ರಣಯಗಳನ್ನು ದೂರವಿಟ್ಟು ಅವರು ಎರಡು ವರ್ಷ ಸೇವೆ ಮಾಡುತ್ತಾರೆ. 1850ರ ದಶಕದಲ್ಲಿಯೇ ಅವರ ಹಿಂದಿನವರು ಮುಂಬಯಿ, ಪುಣೆಗಳಿಗೆ ಬಂದು ಹೋಗಿದ್ದರು. 1993ರಲ್ಲಿ ಅವರ ಒಂದು ಮಿಷನ್ ಬೆಂಗಳೂರಿನಲ್ಲಿ ಆರಂಭವಾಯಿತು. ಎರಡರ ನಡುವಿನ ವ್ಯತ್ಯಾಸ ಮುಖ್ಯವಾಗಿ ಅವಧಿಯದು. ಮಾರ್ಮನ್ ತರುಣ ಎರಡು ವರ್ಷದ ಮೇಲೆ ಮನೆಗೆ ಮರಳುತ್ತಾನೆ. ಬಾಸೆಲಿನಿಂದ ಬಂದವನಿಗೆ ಇದು ಬಹುಮಟ್ಟಿಗೆ ಇಡೀ ಆಯುಷ್ಯದ ಕೆಲಸ.

ಆ ಆಯುಷ್ಯದ ಮೊದಲ ಭಾಗ ಕಳೆದದ್ದು ವಿದ್ಯಾರ್ಥಿಯಾಗಿ. ಮುನ್ಷಿಯ ಎದುರು ಕುಳಿತು ಅಕ್ಷರ ತಿದ್ದಬೇಕು, ಕಾಗುಣಿತ ಒಪ್ಪಿಸಬೇಕು. ನಾಲಿಗೆ ತಿರುಗದ ಮಾತಿಗೆ ಶಾಲೆಯ ಹುಡುಗರು ನಕ್ಕರೆ ತಾಳಿಕೊಳ್ಳಬೇಕು. ಮಳೆಗಾಲ ಕಳೆದು ಹಾದಿ ಗಟ್ಟಿಯಾದ ಮೇಲೆ ಹಳ್ಳಿಗಳ ಸಂಚಾರ: ಚಾವಡಿಯಲ್ಲಿ, ಸಂತೆಯಲ್ಲಿ, ಮಠದ ಅಂಗಳದಲ್ಲಿ, ಜಾತ್ರೆಯ ಜನಜಂಗುಳಿಯಲ್ಲಿ ಉಪದೇಶ. ಕೇಳುವವರು ಸುಮ್ಮನೆ ಕೇಳಿ ಹೋಗುವವರಲ್ಲ. ಬಸವಪುರಾಣ ಕೇಳಿ ಬೆಳೆದ, ದಾಸರ ಪದ ಬಾಯಿಪಾಠವಿದ್ದ, ಗಾದೆಗೆ ಗಾದೆ ಕೊಡುವ ಜನ. ಅವರ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಅವರು ಓದಿದ್ದನ್ನು ಓದಬೇಕು, ಹಾಡಿದ್ದನ್ನು ಕೇಳಬೇಕು. ಉಪದೇಶಕನನ್ನು ಓಲೆಗರಿಯ ಕಡೆಗೆ ತಿರುಗಿಸಿದ್ದು ಈ ಒತ್ತಾಯ. ಮೋಗ್ಲಿಂಗ್ 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದ. ಹಣ ಕೊಟ್ಟವನು ಮದರಾಸಿನ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಕಿಟ್ಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅವುಗಳಲ್ಲಿ ಅನೇಕ ಪದಗಳ ಮುಂದೆ ಇವು ದಕ್ಷಿಣ ಮರಾಠಾ ಪ್ರಾಂತದ, ಅಂದರೆ ಬೆಳಗಾವಿ ಧಾರವಾಡದ ಕಡೆಯ ಬಳಕೆ ಎಂಬ ಗುರುತಿದೆ. ಒಕ್ಕಲಿಗ, ನೇಕಾರ, ಬಡಿಗ ಆಡಿದ ಮಾತು ಪಂಪ ಕೇಶಿರಾಜರ ಮಾತಿನ ಸಾಲಿನಲ್ಲೇ ಕೂತಿದೆ.

ಇದಕ್ಕೆ ಮೊದಲ ಆಕ್ಷೇಪ ನೇರವಾದದ್ದು: ಇವೆಲ್ಲ ಮತಾಂತರದ ಉಪಕರಣಗಳಲ್ಲವೇ? ಉದ್ದೇಶ ಅದೇ ಆಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಅವರ ಕಿರುಹೊತ್ತಗೆಗಳು ಇಲ್ಲಿನ ಪೂಜೆ ಪುನಸ್ಕಾರಗಳನ್ನು ಒರಟಾಗಿ ಹಳಿದವು. 1876–78ರ ಬರಗಾಲದಲ್ಲಿ ತಬ್ಬಲಿಯಾದ ಮಕ್ಕಳಿಗೆ ಅನ್ನದ ಜೊತೆಗೇ ಧರ್ಮವನ್ನೂ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ಇಂದಿಗೂ ನ್ಯಾಯವಾದದ್ದೇ. ಆದರೆ ಉದ್ದೇಶವೊಂದನ್ನೇ ಅಳತೆಗೋಲು ಮಾಡಿಕೊಂಡರೆ ನಡೆದದ್ದು ಅರ್ಥವಾಗುವುದಿಲ್ಲ. ಧಾರವಾಡದ ನಂತರ 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಅದೇ ವರ್ಷ ಗದಗಿನ ಬಳಿಯ ಮಲಸಮುದ್ರದಲ್ಲಿ ಒಕ್ಕಲುತನದ ಒಂದು ವಸಾಹತು, ಹೀಗೆ ಮಿಷನ್ ಹಬ್ಬಿತು. ಆದರೂ ಕರಾವಳಿಯಲ್ಲಿ ಕಂಡಂಥ ಫಲ ಈ ಬಯಲುಸೀಮೆಯಲ್ಲಿ ಕಾಣಲಿಲ್ಲ. ಮತಾಂತರಕ್ಕೆ ಸಾಧನವಾಗಿ ಮಾತ್ರ ಸಾಹಿತ್ಯ ಬೇಕಾಗಿದ್ದರೆ ಸುವಾರ್ತೆಯ ಅನುವಾದ ಸಾಕಿತ್ತು; ನಾಗವರ್ಮನ ಛಂದಸ್ಸನ್ನು ಶೋಧಿಸಿ ಅಚ್ಚು ಹಾಕುವ ಅಗತ್ಯವೇನಿತ್ತು? ಕಿಟ್ಟೆಲ್‌ನ ಪಾಂಡಿತ್ಯದ ಬಗ್ಗೆ ಸಮಿತಿಗೆ ತೃಪ್ತಿಯಿರಲಿಲ್ಲ. ಜನರ ನಡುವೆ ಸರಳವಾಗಿ ಬಾಳುವ ಅವನ ಹಂಬಲದಿಂದಲೂ ಹಿರಿಯರೊಡನೆ ಮನಸ್ತಾಪವಾಯಿತು. ಕಳಿಸಿದವರ ಲೆಕ್ಕದಲ್ಲಿ ಇದು ದಾರಿ ತಪ್ಪಿದ ಶ್ರಮ. ಕನ್ನಡದ ಲೆಕ್ಕದಲ್ಲಿ ಅದೇ ಅವನ ನಿಜವಾದ ಸೇವೆ.

ಎರಡನೆಯ ಆಕ್ಷೇಪ ಕಿತ್ತೂರು ಸೀಮೆಯಿಂದಲೇ ಬರಬೇಕಾದದ್ದು: ಕಂಪನಿಯ ಬಂದೂಕಿನ ನೆರಳಿಲ್ಲದೆ ಈ ಪಾದ್ರಿಗಳು ಇಲ್ಲಿ ನಿಲ್ಲಬಲ್ಲರೇ? ನಿಲ್ಲಲಾರರು. ಆದರೆ ಆ ನೆರಳಿನಲ್ಲಿದ್ದವರೆಲ್ಲ ಒಂದೇ ರೀತಿ ನಡೆಯಲಿಲ್ಲ. ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಕಚೇರಿಗಳಲ್ಲಿ, ಸರಕಾರಿ ಶಾಲೆಗಳಲ್ಲಿ ಮರಾಠಿ ಮೇಲುಗೈ ಪಡೆದಿತ್ತು. ಸಾವಿರಾರು ಕನ್ನಡದ ಮಕ್ಕಳು ಮನೆಯಲ್ಲಿ ಆಡದ ಭಾಷೆಯಲ್ಲಿ ಓದು ಆರಂಭಿಸುತ್ತಿದ್ದರು. 1824ರಲ್ಲಿ ಕಿತ್ತೂರಿನವರ ಸೆರೆಯಾಳಾಗಿದ್ದ ಕಂಪನಿಯ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಧಾರವಾಡದಲ್ಲಿ ಕನ್ನಡ ಶಾಲೆಯ ಪರವಾಗಿ ನಿಂತ. ಜನರ ಮಾತಿನಲ್ಲಿ ಕಲಿಸದೆ ಗತಿಯಿಲ್ಲವೆಂದು ಅನುಭವದಿಂದ ತಿಳಿದಿದ್ದ ಮಿಷನ್ನಿನ ಶಾಲೆಗಳೂ ಕನ್ನಡವನ್ನೇ ಹಿಡಿದವು. ಪರಕೀಯ ಆಳ್ವಿಕೆ ಅನ್ಯಾಯವಾದದ್ದು ಎಂಬ ಮಾತು ಇದರಿಂದ ತಗ್ಗುವುದಿಲ್ಲ. ಅದರ ಬಿರುಕಿನೊಳಗೆ ಕನ್ನಡಕ್ಕೆ ಒಂದಿಷ್ಟು ಜಾಗ ಸಿಕ್ಕಿತು ಎಂಬುದೂ ಅಷ್ಟೇ ನಿಜ.

ಮೂರನೆಯ ಆಕ್ಷೇಪವೇ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ. ಹೀಗೆ ಹೇಳುತ್ತ ಹೋದರೆ ಕನ್ನಡವನ್ನು ಕಾಪಾಡಿದವರು ಪರದೇಶಿಗಳೇ ಎಂದಾಗುವುದಿಲ್ಲವೇ? ಆಗಬಾರದು, ದಿನಚರಿಯ ಕಡೆ ನೋಡಬೇಕೆಂದು ಹೇಳುವುದು ಇದಕ್ಕಾಗಿಯೇ. ಮೋಗ್ಲಿಂಗ್ ಅಚ್ಚಿಗೆ ಕೊಟ್ಟ ಹಸ್ತಪ್ರತಿಗಳನ್ನು ತಲೆಮಾರುಗಳಿಂದ ಪ್ರತಿ ಮಾಡಿ ಕಾಯ್ದವರು ಮಠದ ಅಯ್ಯನವರು, ಜೈನ ಪಂಡಿತರು, ಅಗ್ರಹಾರದ ಓದುಗರು. ಕಿಟ್ಟೆಲ್‌ನ ಪದಗಳಿಗೆ ಅರ್ಥ ಹೇಳಿದವರು ಇಲ್ಲಿನ ಪಂಡಿತರು, ಇಲ್ಲಿನ ದುಡಿಯುವ ಜನ. ಧಾರವಾಡದ ಕನ್ನಡ ಶಾಲೆಗಳು ಬೇರೂರಿದ್ದರಲ್ಲಿ ಶಿಕ್ಷಣ ಇಲಾಖೆಯ ಡೆಪ್ಯೂಟಿ ಚನ್ನಬಸಪ್ಪನವರ ಪಾಲು ಯಾವ ಪಾದ್ರಿಯದಕ್ಕಿಂತಲೂ ಕಡಿಮೆಯಲ್ಲ. ಮರಾಠಿ ಮೆರೆಯುತ್ತಿದ್ದಾಗ ಅವರು ಶಿಕ್ಷಕರನ್ನು ತಯಾರು ಮಾಡಿದರು, ಊರೂರು ತಿರುಗಿ ಶಾಲೆ ತೆರೆಸಿದರು, ಕನ್ನಡದಲ್ಲಿ ಓದಲು ಪುಸ್ತಕ ಬರೆದುಕೊಟ್ಟರು. ತರುಣ ಪಾದ್ರಿಯ ಹೆಸರು ಪುಸ್ತಕದ ಮುಖಪುಟದಲ್ಲಿ ಉಳಿಯಿತು, ಅವನಿಗೆ ಅಕ್ಷರ ತಿದ್ದಿಸಿದ ಮುನ್ಷಿಯ ಹೆಸರು ಹೆಚ್ಚಾಗಿ ಉಳಿಯಲಿಲ್ಲ.

ಹಾಗಾದರೆ ಈ ಸೀಮೆಯ ಚರಿತ್ರೆಯಲ್ಲಿ ಆ ತರುಣ ಪಾದ್ರಿಗೆ ಯಾವ ಜಾಗ? ಕಲಿಸುವ ಹೆಮ್ಮೆಯಿಂದ ಬಂದು, ಕಲಿಯುವ ತಾಳ್ಮೆಯನ್ನು ಬೆಳೆಸಿಕೊಂಡು, ಬಹುಕಾಲ ಉಳಿದು, ಕಲಿತದ್ದನ್ನು ಕಲಿಸಿದವರಿಗೇ ಪುಸ್ತಕವಾಗಿ ಹಿಂದಿರುಗಿಸಿದ ವಿದ್ಯಾರ್ಥಿಯ ಜಾಗ. ನಮ್ಮ ಊರುಗಳ ಇತಿಹಾಸ ಬರೆಯುವವರು ಮಿಷನರಿಗಳ ಪತ್ರ, ವರದಿಗಳನ್ನು ಅವರ ಜೀವನಚರಿತ್ರೆಗೆಂದು ಮಾತ್ರ ಓದಬಾರದು. ಅವರಿಗೆ ಎದುರು ಪ್ರಶ್ನೆ ಹಾಕಿದ, ತಿದ್ದಿದ, ಹಾಡಿ ತೋರಿಸಿದ ಕನ್ನಡಿಗರ ಚರಿತ್ರೆಗೂ ಅವೇ ಆಕರ. ಕಿತ್ತೂರು ಸೋತ ಮೇಲೂ ಈ ಜನ ತಮ್ಮ ಮಾತು, ಓದು, ನಂಬಿಕೆಗಳಲ್ಲಿ ಎಷ್ಟು ಗಟ್ಟಿಯಾಗಿದ್ದರು ಎಂಬುದಕ್ಕೆ ಆ ಬರಹಗಳು ಸಾಕ್ಷಿ. ಗೆಲ್ಲಲು ಬಂದವನು ಕಲಿಯಬೇಕಾಗಿ ಬಂದದ್ದು ಆ ಗಟ್ಟಿತನದಿಂದಲೇ.