ವೆಟ್ಟೂರಿನೊ ಪ್ರಯಾಣ

ರೈಲು ಬರುವ ಮುನ್ನ ಇಟಲಿಯಲ್ಲಿ ರೂಢಿಯಲ್ಲಿದ್ದ ಬಾಡಿಗೆ ಗಾಡಿಯ ಪ್ರಯಾಣ. ಗಾಡಿ, ಕುದುರೆ ಎರಡನ್ನೂ ತಾನೇ ಒದಗಿಸಿ ಪ್ರಯಾಣಿಕರನ್ನು ಊರಿಂದೂರಿಗೆ ಕರೆದೊಯ್ಯುವವನೇ ವೆಟ್ಟೂರಿನೊ. 18ನೆಯ ಶತಮಾನದಿಂದ 19ನೆಯ ಶತಮಾನದ ನಡುಭಾಗದವರೆಗೆ ಇಟಲಿ ನೋಡಲು ಬಂದ ಉತ್ತರ ಯುರೋಪಿನವರಲ್ಲಿ ಅನೇಕರು ಇವನನ್ನೇ ನೆಚ್ಚಿದ್ದರು.

ಅವಸರವಿದ್ದವರಿಗೆ, ಹಣವಿದ್ದವರಿಗೆ ಅಂಚೆ ಕುದುರೆಗಳಿದ್ದವು. ಪ್ರತಿ ಠಾಣೆಯಲ್ಲೂ ದಣಿದ ಕುದುರೆ ಬಿಚ್ಚಿ ಹೊಸದನ್ನು ಕಟ್ಟುತ್ತಿದ್ದರು. ವೆಟ್ಟೂರಿನೊಗೆ ಆ ಅನುಕೂಲವಿಲ್ಲ. ಹೊರಟ ಕುದುರೆಗಳೇ ಕೊನೆಯವರೆಗೂ ಎಳೆಯಬೇಕು. ಹಾಗಾಗಿ ದಿನಕ್ಕೆ ಸುಮಾರು 50–60 ಕಿ.ಮೀ. ಸಾಗುವುದೇ ಹೆಚ್ಚು. ಪೆರೂಜಿಯಾ ಮಾರ್ಗವಾಗಿ ಫ್ಲಾರೆನ್ಸಿನಿಂದ ರೋಮಿಗೆ ಐದಾರು ದಿನ ಹಿಡಿಯುತ್ತಿತ್ತು. ನಡುಹಗಲು ಕುದುರೆಗಳಿಗೆ ಮೇವು, ನೀರು ಕಾಣಿಸುವಷ್ಟು ಹೊತ್ತು ಪ್ರಯಾಣಿಕರು ಹಳ್ಳಿಯ ಚರ್ಚು, ಸಂತೆ ನೋಡಿ ಬರುತ್ತಿದ್ದರು. ಅಂದಿನ ಪ್ರವಾಸ ಕಥನಗಳಲ್ಲಿ ಸಣ್ಣ ಊರುಗಳಿಗೆ ಅಷ್ಟು ಜಾಗ ಸಿಕ್ಕಿದ್ದರೆ ಅದಕ್ಕೆ ಬರಹಗಾರರ ರಸಿಕತೆಗಿಂತ ಕುದುರೆಗಳ ದಣಿವೇ ಹೆಚ್ಚು ಕಾರಣ.

ಹೊರಡುವ ಮುನ್ನ ಕರಾರು ಬರೆಯುವುದು ವಾಡಿಕೆ. ರಾತ್ರಿಯ ಊಟ, ಹಾಸಿಗೆಯ ಖರ್ಚು ಬಾಡಿಗೆಯಲ್ಲೇ ಸೇರುತ್ತಿತ್ತು. ಮುಂಗಡವನ್ನು ಪ್ರಯಾಣಿಕನಲ್ಲ, ಮಾತು ತಪ್ಪುವುದಿಲ್ಲವೆಂಬ ಭರವಸೆಗೆ ಗಾಡಿಕಾರನೇ ಕೊಡುತ್ತಿದ್ದ! ಪ್ರಯಾಣ ಸುಸೂತ್ರವಾಗಿ ಮುಗಿದರೆ ಅವನಿಗೆ ‘ಬುವೋನಾ ಮಾನೋ’ ಎಂಬ ಭಕ್ಷೀಸು ಸಲ್ಲುತ್ತಿತ್ತು. 1861ರ ಏಕೀಕರಣದವರೆಗೆ ಇಟಲಿ ಹಲವು ರಾಜ್ಯಗಳಾಗಿ ಹಂಚಿಹೋಗಿತ್ತು. ಗಡಿ ಬಂದಾಗಲೆಲ್ಲ ಪಾಸ್‌ಪೋರ್ಟಿಗೆ ಮುದ್ರೆ, ಪೆಟ್ಟಿಗೆ ಬಿಚ್ಚಿಸುವ ಸುಂಕದವರು, ಬೇರೆ ನಾಣ್ಯ.

ಜರ್ಮನ್ ಕವಿ ಗಯಟೆ 1786ರ ಅಕ್ಟೋಬರಿನಲ್ಲಿ ಹೀಗೆಯೇ ರೋಮಿನತ್ತ ಸಾಗಿದ. ಗಾಡಿಯನ್ನು ಫೊಲಿನ್ಯೋಗೆ ಕಳಿಸಿ ತಾನು ಅಸ್ಸೀಸಿಯ ಗುಡ್ಡ ಹತ್ತಿದ. ಪ್ರಾಚೀನ ರೋಮನ್ನರ ಮಿನರ್ವ ದೇಗುಲವನ್ನು ಕಣ್ತುಂಬ ನೋಡಿ, ಸಂತ ಫ್ರಾನ್ಸಿಸನ ಪ್ರಸಿದ್ಧ ಚರ್ಚಿನೊಳಕ್ಕೆ ಕಾಲಿಡದೆ ನಡೆದುಬಿಟ್ಟ. ಫ್ಲಾರೆನ್ಸಿಗೆ ಅವನು ಕೊಟ್ಟದ್ದು ಕೆಲವೇ ಗಂಟೆ. ನಿಧಾನದ ಕಾಲದಲ್ಲೂ ಅವಸರದವರಿಗೆ ಬರವಿರಲಿಲ್ಲ.

ನೇಪಲ್ಸ್‌–ಪೋರ್ತಿಚಿ ನಡುವೆ 1839ರಲ್ಲಿ ಇಟಲಿಯ ಮೊದಲ ರೈಲು ಓಡಿತು. 1864ರಲ್ಲಿ ಥಾಮಸ್ ಕುಕ್ ಇಂಗ್ಲೆಂಡಿನಿಂದ ಇಟಲಿಗೆ ಪ್ರವಾಸಿ ತಂಡ ಕರೆತಂದ. 1871ರಲ್ಲಿ ಆಲ್ಪ್ಸ್ ಕೊರೆದ ಫ್ರೇಜಸ್ ಸುರಂಗ ತೆರೆದ ಮೇಲೆ ಫ್ರಾನ್ಸಿನಿಂದ ಟ್ಯೂರಿನ್ನಿಗೆ ಬರುವವರು ಬೆಟ್ಟ ಹತ್ತಿಳಿಯುವ ಅಗತ್ಯವೇ ಉಳಿಯಲಿಲ್ಲ.