ತಂತಿಯಿಂದ ಬ್ರಾಡ್‌ಬ್ಯಾಂಡಿನವರೆಗೆ: ಮಳೆಯ ಸುದ್ದಿ ನಡೆದು ಬಂದ ದಾರಿ

ಪಾಲಕೋಡು ಚಿನ್ನಾರಿನ ನೀರನ್ನೂ ಆಕಾಶದ ಮಳೆಯನ್ನೂ ನಂಬಿದ ಸೀಮೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನಿಂದ ಕಂಪೆನಿಯ ಕೈಸೇರಿದ ಬಾರಾಮಹಲಿನಲ್ಲಿ ನಮ್ಮ ಈ ನೆಲವೂ ಸೇರಿತ್ತು. ಅದೇ ವರ್ಷ ಮದರಾಸಿನ ಖಗೋಳ ವೀಕ್ಷಣಾಲಯವು ಸಿದ್ಧವಾಯಿತು. ಮುಂದೆ ಅಲ್ಲಿ ಹವೆಯ ಅಳತೆಗಳೂ ದಾಖಲಾದವು. ಆದರೆ ಆ ಅಳತೆ ನಮ್ಮ ರೈತನ ಹೊಲವನ್ನು ತಲುಪಲು ಮಾರ್ಗವೇ ಇರಲಿಲ್ಲ.

1855ರಲ್ಲಿ ತಂತಿ ಸೇವೆಯು ಸಾರ್ವಜನಿಕರಿಗೆ ದೊರೆಯಿತು. ಆದರೂ 1876-78ರ ಮಹಾಕ್ಷಾಮವನ್ನು ತಂತಿ ತಡೆಯಲಿಲ್ಲ. ಸೇಲಂ ಜಿಲ್ಲೆ ತತ್ತರಿಸಿತು. ನೆರೆಯ ಮೈಸೂರಿನಲ್ಲಿ 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಒಂದೂರಿನ ಧಾನ್ಯದ ಬೆಲೆಯೇರಿಕೆ ತಂತಿಯ ಮೂಲಕ ಮತ್ತೊಂದು ಊರಿನ ವರ್ತಕನಿಗೆ ತಿಳಿಯಿತು. ಹಸಿದವನಿಗೆ ಮಾತ್ರ ಆ ಸುದ್ದಿಯಿಂದ ತುತ್ತು ಅನ್ನ ಸಿಗಲಿಲ್ಲ. ಸುದ್ದಿಯ ವೇಗವೊಂದೇ ಸಾಲದು, ಅದು ಯಾರ ಕೈಗೆ ಸೇರುತ್ತದೆ ಎಂಬುದೂ ಮುಖ್ಯವೆಂಬ ಪಾಠವನ್ನು ಆ ಕ್ಷಾಮ ಕಲಿಸಿತು.

1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಅದರ ಮೊದಲ ಮುಖ್ಯಸ್ಥ ಬ್ಲಾನ್‌ಫರ್ಡ್, ಹಿಮಾಲಯದ ಹಿಮರಾಶಿಯನ್ನು ಆಧರಿಸಿ ಮುಂಗಾರಿನ ಮುನ್ಸೂಚನೆಗೆ ತೊಡಗಿದನು. ಊರೂರಿನ ಅಳತೆಗಳು ತಂತಿಯ ಮೂಲಕ ಒಂದೆಡೆ ಕೂಡಿದಾಗಲೇ ದೇಶದ ಹವೆಯ ಚಿತ್ರ ಮೂಡಿತು.

ಇಂದಿನ ಬ್ರಾಡ್‌ಬ್ಯಾಂಡ್ ಆ ತಂತಿಯ ಮೊಮ್ಮಗನೆನ್ನಬಹುದು. ಗ್ರಾಮ ಪಂಚಾಯಿತಿಗಳನ್ನು ಗಾಜಿನ ಎಳೆಯಿಂದ ಬೆಸೆಯುವ ಕೇಂದ್ರ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆತು, ಮುಂದೆ ಅದು ಭಾರತ್‌ನೆಟ್ ಎನಿಸಿತು. ಕರ್ನಾಟಕವು 1988ರಲ್ಲಿಯೇ ಬರ ನಿರ್ವಹಣೆಗೆ ಪ್ರತ್ಯೇಕ ಕೋಶ ತೆರೆದಿತ್ತು. ಅದರಿಂದ ಬೆಳೆದ ಸಂಸ್ಥೆಯು ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಅಳತೆ ಕೇಂದ್ರಕ್ಕೆ ಬರುತ್ತದೆ. ‘ವರುಣ ಮಿತ್ರ’ ಸಹಾಯವಾಣಿಗೆ ಕರೆಮಾಡಿದ ರೈತನಿಗೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ.

ಇದರ ಬೆಲೆಯನ್ನು ಒಡಿಶಾ ಬಲ್ಲದು. 1999ರ ಚಂಡಮಾರುತಕ್ಕೆ ಅಲ್ಲಿ ಸುಮಾರು ಹತ್ತು ಸಾವಿರ ಮಂದಿ ಬಲಿಯಾದರು. 2013ರ ಫೈಲಿನ್ ಚಂಡಮಾರುತಕ್ಕೆ ಮುನ್ನ ಹತ್ತು ಲಕ್ಷದಷ್ಟು ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಮಡಿದವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.

ನಮ್ಮ ಜಿಲ್ಲೆಗೂ ಇದು ದೂರದ ಮಾತಲ್ಲ. ಕೊಡಗಿನಲ್ಲಿ ಸುರಿದ ಮಳೆ ಕನ್ನಂಬಾಡಿಯನ್ನು ತುಂಬಿ, ಬಿಳಿಗುಂಡ್ಲುವಿನ ಮಾಪನ ಕೇಂದ್ರವನ್ನು ದಾಟಿ ಹೊಗೇನಕಲ್ಲಿಗೆ ಬರುತ್ತದೆ. 1924ರ ಕಾವೇರಿ ಮಹಾಪೂರದಲ್ಲಿ ನೀರೇ ತನ್ನ ಸುದ್ದಿಯನ್ನು ಹೊತ್ತು ತಂದಿತು. ಇಂದು ನೀರಿಗಿಂತ ಮೊದಲು ಅಂಕಿಗಳು ಬರುತ್ತವೆ. ತೆಪ್ಪದವನು ದಡಕ್ಕೆ ಸರಿಯಲು ಅವಕಾಶವಿದೆ.

ಬ್ರಾಡ್‌ಬ್ಯಾಂಡ್ ತಾನೇ ಭೂಮಿಯ ಬಿಸಿಯನ್ನು ಇಳಿಸಲಾರದು. ಅದು ಪ್ರಯಾಣವನ್ನೂ ಇಂಧನವನ್ನೂ ಉಳಿಸೀತು. ಆದರೆ ಅದಕ್ಕೂ ವಿದ್ಯುತ್ತು ಬೇಕು. ಅದರ ಹಿರಿಯ ಉಪಕಾರವೆಂದರೆ ಎಚ್ಚರಿಕೆ. ಎಚ್ಚರಿಕೆ ಎಂಬುದು ಅರ್ಥವಾಗುವ ಭಾಷೆಯಲ್ಲಿರಬೇಕು. ಇಲ್ಲಿ ಶಾಲೆಯಲ್ಲಿ ತಮಿಳು ಕಲಿತ ಮಕ್ಕಳು ಮೊಬೈಲಿನ ಸಂದೇಶವನ್ನು ಓದುತ್ತಾರೆ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ಅಜ್ಜಿಗೆ ಅದನ್ನು ಹೇಳುವವರು ಯಾರು? ಆ ಮಕ್ಕಳೇ ಹೇಳಬೇಕು. ಹಾಗೆ ಹೇಳಬೇಕಾದರೆ ಅವರ ನಾಲಗೆಯಲ್ಲಿ ಕನ್ನಡ ಉಳಿದಿರಬೇಕು. ಗಡಿಯಾಚೆಯ ನಮ್ಮಂಥವರ ಸಂಘಗಳು ಭಾಷೆಯನ್ನು ಕಾಯುವುದು ಹಬ್ಬದ ಸಡಗರಕ್ಕಾಗಿ ಮಾತ್ರವಲ್ಲ, ಜೀವಗಳ ರಕ್ಷಣೆಗಾಗಿಯೂ ಹೌದು ಎಂಬುದನ್ನು ಸದಸ್ಯ ಬಂಧುಗಳು ಮನಗಾಣಬೇಕೆಂದು ವಿನಂತಿಸುತ್ತೇನೆ.